ತಾರೆಯರ ಮೆಚ್ಚುಗೆಯಷ್ಟೇ ಸಾಲದು

ಅಮೆರಿಕದ ‘ಸೆವೆರೆನ್ಸ್’ ಧಾರಾವಾಹಿ ಬಗ್ಗೆ ನಿಮ್ಮ ಸಿನಿ ಪುರವಣಿಯಲ್ಲಿ ಬಂದ ಬರಹದಲ್ಲಿ ಯಾವ ತಾರೆ ಅದರ ಅಭಿಮಾನಿ ಎಂಬುದೇ ಜಾಸ್ತಿ, ಕಥೆ ಎತ್ತುವ ಪ್ರಶ್ನೆ ಕಡಿಮೆ. ನಿರ್ದೇಶಕ ಬೆನ್ ಸ್ಟಿಲ್ಲರ್ ಮತ್ತು ನಟ ಆಡಮ್ ಸ್ಕಾಟ್ ತಮ್ಮ ಪಾಡ್‌ಕಾಸ್ಟ್‌ಗೆ ಹೆಸರಾಂತ ಅಭಿಮಾನಿಗಳನ್ನು ಕರೆಸುತ್ತಾರೆ, ಸರಿ. ಕೇಳಲು ಮಜವಾಗಿಯೇ ಇದೆ. ಆದರೆ 2022ರಲ್ಲಿ ಶುರುವಾದ ಈ ಕಥೆಯ ಜೀವಾಳ ಬೇರೆ.

ಮಿದುಳಿಗೆ ಚಿಪ್ ಹಾಕಿಸಿಕೊಂಡ ನೌಕರರಿಗೆ ಕಚೇರಿಯಲ್ಲಿ ಮನೆಯ ನೆನಪಿಲ್ಲ, ಮನೆಯಲ್ಲಿ ಕಚೇರಿಯ ನೆನಪಿಲ್ಲ. ಹೆಂಡತಿಯನ್ನು ಕಳೆದುಕೊಂಡ ಮಾರ್ಕ್ ದಿನದಲ್ಲಿ ಕೆಲವು ಗಂಟೆಯಾದರೂ ದುಃಖ ಮರೆಯಲೆಂದೇ ಇದಕ್ಕೆ ಒಪ್ಪಿದವನು. ಹೆಲಿ ಎಂಬಾಕೆ ಮೀಟಿಂಗ್ ಟೇಬಲ್ ಮೇಲೆ ಎಚ್ಚರಗೊಂಡಾಗ ಅವಳಿಗೆ ತನ್ನ ಹೆಸರೂ ಗೊತ್ತಿಲ್ಲ. ಕೆಲಸ ಬಿಡುತ್ತೇನೆ ಎಂದರೆ, ಹೊರಗಿನ ಹೆಲಿಯೇ, ಅಂದರೆ ಕಚೇರಿಯ ನೆನಪಿಲ್ಲದ ಅವಳೇ, ವಿಡಿಯೊದಲ್ಲಿ ಬಂದು, ನೀನು ಮನುಷ್ಯಳೇ ಅಲ್ಲ, ತೀರ್ಮಾನ ನನ್ನದು ಎನ್ನುತ್ತಾಳೆ. ನೋಡುವವರ ಎದೆ ಝಲ್ಲೆನ್ನುತ್ತದೆ. ಹಾಗಾದರೆ ಒಳಗಿನವಳ ಒಪ್ಪಿಗೆಗೆ ಬೆಲೆಯೇ ಇಲ್ವಾ? ಇದು ಸುಮ್ನೆ ಹೊತ್ತು ಕಳೆಯುವ ಕಥೆಯಲ್ಲ.

ಇಂಥ ಧಾರಾವಾಹಿಗಳ ಬಗ್ಗೆ ಬರೆಸುವಾಗ ನರರೋಗ ತಜ್ಞರು, ಮರೆವಿನ ಕಾಯಿಲೆಯವರನ್ನು ಮನೆಯಲ್ಲಿ ನೋಡಿಕೊಳ್ಳುವವರು, ರಾತ್ರಿ ಪಾಳಿಯ ಐಟಿ ನೌಕರರು, ಇವರಿಂದಲೂ ನಾಲ್ಕು ಮಾತು ಬರೆಸಿ. ಪುರವಣಿಯ ಅರ್ಧ ಪುಟ ಸಾಕು. ತಾರೆಯರ ಫೋಟೊ ಸ್ವಲ್ಪ ಚಿಕ್ಕದಾದರೂ ಪರವಾಗಿಲ್ಲ.

– ಓದುಗ, ಮೈಸೂರು