ಆಟಿಯ ಕೂಟದ ಚೆನ್ನೆಮಣೆಗೆ ಬಿಂಗೊ ಹೇಳಿಕೊಟ್ಟದ್ದು

ಬ್ಲ್ಯಾಕ್‌ಪೂಲ್, ಇಂಗ್ಲೆಂಡ್
ಜುಲೈ ಮೊದಲ ವಾರ

ಪ್ರೀತಿಯ ಚಿಕ್ಕಮ್ಮನಿಗೆ ನಮಸ್ಕಾರಗಳು.

ನಾನು ಕ್ಷೇಮ. ಕಟಪಾಡಿಯಲ್ಲಿ ನೀವು, ಚಿಕ್ಕಪ್ಪ, ಅಜ್ಜಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಫೋನಿನಲ್ಲಿ ನೀವು ಕೇಳಿದ್ದಕ್ಕೆ ಡ್ಯೂಟಿಯ ಗಡಿಬಿಡಿಯಲ್ಲಿ ಸರಿಯಾಗಿ ಉತ್ತರ ಕೊಡಲಾಗಲಿಲ್ಲ. ಮಹಿಳಾ ಮಂಡಳಿಯ ಆಟಿ ತಿಂಗಳ ಕೂಟ ‘ಆಟಿಡೊಂಜಿ ದಿನ’ಕ್ಕೆ ಪತ್ರೊಡೆ, ತಿಮರೆ ಚಟ್ನಿ ಎಂದರೆ ಕಾಲೇಜು ಹುಡುಗಿಯರು ಸಾಲುಗಟ್ಟುತ್ತಾರೆ, ಗುಳಿಗಳಲ್ಲಿ ಕಾಯಿ ಹಂಚುತ್ತಾ ಆಡುವ ಚೆನ್ನೆಮಣೆಯ ಹತ್ತಿರ ಮಾತ್ರ ಒಬ್ಬಳೂ ಸುಳಿಯುವುದಿಲ್ಲ, ಏನು ಮಾಡುವುದು ಎಂದಿರಿ. ‘ಮೊಬೈಲು ಬಂದು ಮಕ್ಕಳು ಕೆಟ್ಟರು’ ಎಂದು ಚಿಕ್ಕಪ್ಪ ಹಿಂದಿನಿಂದ ಹೇಳಿದ್ದೂ ಕೇಳಿಸಿತು. ನನಗೆ ಹಾಗನ್ನಿಸುವುದಿಲ್ಲ. ಮಣೆಯ ಮುಂದೆ ಮೊದಲೇ ಕುಳಿತಿರುವ ನಮ್ಮಂಥವರ ಮೇಲೆಯೇ ನನಗೆ ಅನುಮಾನ. ಆ ಅನುಮಾನ ಹುಟ್ಟಿದ್ದು ಇಲ್ಲಿ ಬಿಂಗೊ ಕಲಿತ ಮೇಲೆ.

ನಾನು ಕೆಲಸ ಮಾಡುವ ವೃದ್ಧರ ಆರೈಕೆ ಕೇಂದ್ರದಲ್ಲಿ ಗುರುವಾರ ಮಧ್ಯಾಹ್ನ ಬಿಂಗೊ ತಪ್ಪುವುದಿಲ್ಲ. ಹೆಸರು ಕೇಳಿ ಗಾಬರಿಯಾಗಬೇಡಿ. ಇಗರ್ಜಿಯ ಹಬ್ಬಕ್ಕೆ ಪಕ್ಕದ ಮನೆಯ ಬಾಯಮ್ಮ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದರಲ್ಲ, ಆ ಹೌಸಿಯೇ ಇದು. ಒಬ್ಬರು ಚೆಂಡೆತ್ತಿ ಅದರ ಸಂಖ್ಯೆ ಕೂಗುವುದು, ಅದು ನಮ್ಮ ಟಿಕೆಟಿನಲ್ಲಿದ್ದರೆ ಗುರುತು ಹಾಕುವುದು, ಮೊದಲು ತುಂಬಿಸಿದವರು ಗೆದ್ದಂತೆ. ಆಗ ನನ್ನ ಗಮನವೆಲ್ಲ ಐಸ್‌ಕ್ರೀಮಿನ ಕಡೆಗಿದ್ದುದರಿಂದ ಆಟ ತಲೆಗೆ ಹೋಗಿರಲಿಲ್ಲ. ಇಲ್ಲಿಯ ಹಿರಿಯರಿಗಾದರೋ ಅದು ಪ್ರಾಯದ ದಿನಗಳ ನೆನಪು. 1960ರ ಕಾನೂನು ಜೂಜಿನ ಮೇಲಿನ ಬಿಗಿಯನ್ನು ಸಡಿಲಿಸಿದ ಮೇಲೆ ಈ ದೇಶದ ಎಷ್ಟೋ ಹಳೆಯ ಸಿನಿಮಾ ಮಂದಿರಗಳು ಬಿಂಗೊ ಮಂದಿರಗಳಾದವಂತೆ. ನಮ್ಮಲ್ಲಿ ದುಡ್ಡಿನ ಆಟವಿಲ್ಲ. ಗೆದ್ದವರಿಗೆ ಸೋಪು, ಚಾಕೊಲೇಟು, ಒಂದು ಜೊತೆ ಕಾಲುಚೀಲ. ಕಾಲುಚೀಲಕ್ಕಾಗಿ ಇವರು ಮಾಡುವ ಜಗಳವನ್ನು ನೀವು ನೋಡಬೇಕು.

ಟಿಕೆಟನ್ನೊಮ್ಮೆ ನೆನಪಿಸಿಕೊಳ್ಳಿ. ಮೂರು ಅಡ್ಡಸಾಲು, ಒಂಬತ್ತು ಕಂಬಸಾಲು, ಒಟ್ಟು 27 ಮನೆ. ಅದರಲ್ಲಿ 15 ಮನೆಗಳಲ್ಲಿ ಮಾತ್ರ ಸಂಖ್ಯೆ, ಉಳಿದವು ಖಾಲಿ. ಮೊದಲ ಕಂಬದಲ್ಲಿ 1ರಿಂದ 9, ಎರಡನೆಯದರಲ್ಲಿ 10ರಿಂದ 19, ಹೀಗೆ ಸಾಗಿ ಕೊನೆಯ ಕಂಬದಲ್ಲಿ 80ರಿಂದ 90. ಈ ಏರ್ಪಾಡನ್ನು ಮಾಡಿದವರಿಗೆ ಕೈಮುಗಿಯಬೇಕು. 47 ಎಂದು ಕೂಗಿದರೆ ಇಡೀ ಚೀಟಿ ಹುಡುಕಬೇಕಾಗಿಲ್ಲ, ಕಣ್ಣು ನೇರವಾಗಿ ಐದನೆಯ ಕಂಬಕ್ಕೆ ಹೋಗುತ್ತದೆ. ಇದನ್ನು ನನಗೆ ಯಾರೂ ವಿವರಿಸಲಿಲ್ಲ. ಪಕ್ಕದ ಕುರ್ಚಿಯ ಅಜ್ಜಿ, ಕೈ ನಡುಗುವವರು, ನನ್ನ ಮುಂದೆ ಒಂದು ಟಿಕೆಟನ್ನೂ ಡ್ಯಾಬರ್ ಎಂಬ ದಪ್ಪ ಮೂತಿಯ ಶಾಯಿ ಪೆನ್ನನ್ನೂ ತಳ್ಳಿ ಆಡು ಎಂದರು, ಅಷ್ಟೆ. ನಾನು ತಡಕಾಡಿದಾಗ ಅವರು ಸಂಖ್ಯೆಯನ್ನು ತೋರಿಸಲಿಲ್ಲ. ಆ ಕಂಬದ ನೆತ್ತಿಯ ಮೇಲೆ ಉಗುರಿನಿಂದ ಟಕ್ ಎಂದು ಬಡಿದು ತಮ್ಮ ಚೀಟಿಗೆ ಮರಳಿದರು. ಹುಡುಕುವ ಕೆಲಸ ನನಗೇ ಉಳಿಯಿತು, ಹುಡುಕಿದ ಖುಷಿಯೂ ನನ್ನದೇ ಆಯಿತು.

ಆ ಅಜ್ಜಿ ತಾವು ಆಡುವುದು ಆರು ಟಿಕೆಟುಗಳ ಪಟ್ಟಿಯಲ್ಲಿ. ಆ ಆರರಲ್ಲಿ 1ರಿಂದ 90ರವರೆಗಿನ ಪ್ರತಿ ಸಂಖ್ಯೆಯೂ ಒಂದೊಂದೇ ಸಲ ಬರುತ್ತದೆ. ಅಂದರೆ ಕೂಗಿದ್ದೆಲ್ಲ ಅವರ ಬಳಿ ಇದ್ದೇ ಇರುತ್ತದೆ, 18 ಸಾಲುಗಳ ನಡುವೆ ಅದನ್ನು ಹಿಡಿಯಬೇಕು. ನನಗೆ ಒಂದೇ ಟಿಕೆಟು, ಸರಾಸರಿ ಆರು ಕೂಗಿಗೆ ಒಂದು ಗುರುತು. ಕೂಗುವ ವೇಗ ಇಬ್ಬರಿಗೂ ಒಂದೇ, ಪಳಗಿದವರ ಕೈಗೆ ಪುರುಸೊತ್ತಿಲ್ಲ, ಹೊಸಬಳಿಗೆ ಉಸಿರಾಡಲು ಸಮಯ. (ಗೆಲ್ಲುವ ಸಂಭವವೂ ಅವರಿಗೆ ಆರು ಪಟ್ಟು, ಅದು ಬೇರೆ ಮಾತು.)

ಈಗ ಕೂಗುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಲ್ಲಿ ಸಂಖ್ಯೆಗಳಿಗೆಲ್ಲ ಅಡ್ಡಹೆಸರು. 22 ಎಂದರೆ ಎರಡು ಪುಟ್ಟ ಬಾತುಕೋಳಿ, ಕೂಡಲೇ ಸಭೆಯೆಲ್ಲ ಕ್ವಾಕ್ ಕ್ವಾಕ್ ಎನ್ನಬೇಕು. 9 ಎಂದರೆ ವೈದ್ಯರ ಅಪ್ಪಣೆ. ಯುದ್ಧಕಾಲದ ಸೇನಾ ವೈದ್ಯರು ಸೈನಿಕರಿಗೆ ಕೊಡುತ್ತಿದ್ದ ಒಂಬತ್ತನೇ ನಂಬರಿನ ಭೇದಿ ಮಾತ್ರೆಯಿಂದ ಬಂದದ್ದು. ಇದೆಲ್ಲ ಒಳಗಿನವರ ಗುಟ್ಟು, ಹೊಸಬರನ್ನು ಹೊರಗಿಡುವ ತಂತ್ರ ಎಂದು ಮೊದಲು ಅನ್ನಿಸಿತ್ತು. ಆದರೆ ಅಡ್ಡಹೆಸರಿನ ಬೆನ್ನಿಗೇ ‘ಎರಡು, ಎರಡು, ಇಪ್ಪತ್ತೆರಡು’ ಎಂದು ಬಿಡಿಸಿ ಹೇಳುವುದು ಕ್ರಮ. ಇಂಗ್ಲಿಷಿನಲ್ಲಿ ತರ್ಟೀನ್, ತರ್ಟಿ ಎರಡೂ ಕಿವಿ ಮಂದವಾದವರಿಗೆ ಒಂದೇ ಕೇಳಿಸುತ್ತವಲ್ಲ, ಅದಕ್ಕೆ. ತಮಾಷೆ ಗೊತ್ತಿಲ್ಲದವರಿಗೂ ಸಂಖ್ಯೆ ಸಿಗುತ್ತದೆ. ತಮಾಷೆ ನಾಲ್ಕು ವಾರ ಕಳೆದು ಬಂದರೂ ನಷ್ಟವಿಲ್ಲ. ದೊಡ್ಡ ಮಂದಿರಗಳಲ್ಲಿ ಮುಂದಿನ ಚೆಂಡಿನ ಸಂಖ್ಯೆ ಕೂಗುವ ಮೊದಲೇ ಗೆದ್ದವರು ಬಾಯಿಬಿಡಬೇಕು, ತಡವಾದರೆ ಗೆಲುವು ಕೈತಪ್ಪುತ್ತದೆ. ನಾನು ಎಲ್ಲರ ಮುಖ ಒಮ್ಮೆ ನೋಡಿಯೇ ಮುಂದಿನ ಚೆಂಡಿಗೆ ಕೈ ಹಾಕುತ್ತೇನೆ. ಗೊಣಗುವವರು ಗೊಣಗಲಿ.

ಚೆನ್ನೆಮಣೆ ಇಷ್ಟು ಸಲೀಸಲ್ಲ, ಒಪ್ಪುತ್ತೇನೆ. ಬಿಂಗೊದಲ್ಲಿ ಯೋಚಿಸಿ ತೀರ್ಮಾನಿಸುವುದು ಏನೂ ಇಲ್ಲ, ಆದ್ದರಿಂದ ದಡ್ಡರಾಗಿ ಕಾಣುವ ಭಯವೂ ಇಲ್ಲ. ಮಣೆಯಲ್ಲಾದರೆ ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜದ ಕಾಯಿ, ಯಾವ ಗುಳಿಯಿಂದ ಎತ್ತಬೇಕೆಂಬುದು ಆಡುವವರ ಲೆಕ್ಕ. ನಮ್ಮ ಅಜ್ಜಿಗೆ ಕಾಯಿ ಎತ್ತುವ ಮೊದಲೇ ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಗೊತ್ತಿರುತ್ತದೆ. ಎದುರು ಕೂತ ಹುಡುಗಿಗೆ ಕಾಣುವುದು ಓಡುವ ಕೈ ಮಾತ್ರ. ಅವಳ ಬೆನ್ನ ಹಿಂದೆ ನಾಲ್ವರು ನಿಂತು ‘ಅದಲ್ಲ, ಅದಲ್ಲ, ಆಚೆಯ ಗುಳಿ’ ಎಂದು ಕೂಗಿದರೆ ಅವಳು ಪತ್ರೊಡೆಯ ಕಡೆ ಹೋಗದೆ ಇನ್ನೇನು ಮಾಡಿಯಾಳು?

ಹಾಗಾಗಿ ಈ ಸಲ ಮೈಕಿನಲ್ಲಿ ನಿಯಮ ಓದಿಸಬೇಡಿ. ಹುಡುಗಿಯನ್ನು ಕೂರಿಸಿ, ಕೈಗೆ ಮಂಜೊಟ್ಟಿ ಕೊಟ್ಟು, ಒಂದೊಂದೇ ಹಾಕುತ್ತಾ ಹೋಗು ಎನ್ನಿ. ಕೊನೆಯ ಕಾಯಿ ಬಿದ್ದ ಮೇಲೆ, ಮುಂದಿನ ಗುಳಿಯದ್ದನ್ನು ಎತ್ತಬೇಕೆಂಬ ನಿಯಮವನ್ನು ಅಲ್ಲೇ ಹೇಳಿ. ಖಾಲಿ ಗುಳಿಯ ವಿಚಾರ ಖಾಲಿ ಗುಳಿ ಬಂದಾಗ. ಮೊದಲ ಆಟ ಲೆಕ್ಕಕ್ಕಿಲ್ಲವೆಂದು ಮುಂಚೆಯೇ ಹೇಳಿಬಿಡಿ. ಪಕ್ಕದಲ್ಲಿ ಬಲ್ಲವರೊಬ್ಬರು ಇರಲಿ, ಆದರೆ ಅವರು ಗುಳಿ ತೋರಿಸಬಾರದು. ಬೇಕಿದ್ದರೆ ‘ಕೊನೆಯದು ಎಲ್ಲಿ ಬೀಳುತ್ತದೆ, ಎಣಿಸಿ ನೋಡು’ ಎನ್ನಲಿ. ಸುಲಭವಾಗಲೆಂದು ನಿಯಮಗಳನ್ನು ಮಾತ್ರ ಕಿತ್ತುಹಾಕಬೇಡಿ. ಇಪ್ಪತ್ತರ ಹುಡುಗಿಯರಿಗೆ ಮಕ್ಕಳ ಆಟ ಕೊಟ್ಟರೆ ಅವಮಾನ, ಒಂದೇ ಸುತ್ತಿಗೆ ಏಳುತ್ತಾರೆ. ಸ್ಪರ್ಧೆ, ಬಹುಮಾನ ಎಲ್ಲ ಊಟದ ನಂತರ, ಬಲ್ಲವರಿಗೆ ಪ್ರತ್ಯೇಕವಾಗಿ. ಅಕ್ಕತಂಗಿಯರನ್ನು ಎದುರುಬದುರು ಕೂರಿಸಿದರೆ ಅಜ್ಜಿ, ಚೆನ್ನೆಯಾಡುತ್ತಾ ಜಗಳವಾಡಿ ಪ್ರಾಣ ಕಳೆದುಕೊಂಡ ಅವಳಿ ಸೋದರಿಯರು ಅಬ್ಬಗ ದಾರಗರ ಪಾಡ್ದನದ ಹಾಡು ತೆಗೆಯುತ್ತಾರೆ, ಜೋಡಿ ಮಾಡುವಾಗ ಅದೊಂದು ನೋಡಿಕೊಳ್ಳಿ. ಇನ್ನು ಚಿಕ್ಕಪ್ಪನನ್ನು ಆ ಹೊತ್ತಿಗೆ ಊಟದ ಬಡಿಸುವಿಕೆಗೆ ಹಾಕಿ. ಅವರು ಹಿಂದೆ ನಿಂತರೆ ಪಳಗಿದವರೂ ಲೆಕ್ಕ ತಪ್ಪುತ್ತಾರೆ.

ಅಮ್ಮನಿಗೆ ಬೇರೆ ಬರೆದಿದ್ದೇನೆ, ಮಂಡಿನೋವಿನ ಎಣ್ಣೆಯ ವಿಷಯ ನೀವೂ ಒಮ್ಮೆ ನೆನಪಿಸಿ. ಅಜ್ಜಿಯನ್ನು ಒಂದು ಮಾತು ಕೇಳಬೇಕಿತ್ತು. ರಟ್ಟಿನ ಮೇಲೆ ಹದಿನಾಲ್ಕು ವೃತ್ತ ಬರೆದು, ಮಂಜೊಟ್ಟಿಯ ಬದಲು ಅಂಗಿಯ ಗುಂಡಿಗಳನ್ನಿಟ್ಟು, ಉಗುರಿನಿಂದ ಬಡಿಯುವ ಆ ಅಜ್ಜಿಗೆ ಚೆನ್ನೆ ಹೇಳಿಕೊಡುತ್ತಿದ್ದೇನೆ. ಖಾಲಿ ಗುಳಿಯ ಆಚೆಯದನ್ನು ಗೆದ್ದಾಗ ಅದರ ಎದುರು ಗುಳಿಯ ಕಾಯಿಯೂ ನಮ್ಮದೇ ಆಗುತ್ತದೆಯೇ, ನಮ್ಮ ಮನೆಯ ಕ್ರಮ ಯಾವುದು? ಗುರುವಾರದೊಳಗೆ ತಿಳಿಸಿ. ಆಗುತ್ತದೆ ಎಂದು ಇಲ್ಲಿಯ ಈ ಅಜ್ಜಿ ಈಗಾಗಲೇ ಗುಂಡಿಗಳನ್ನು ಬಾಚಿಕೊಂಡು ಕೂತಿದ್ದಾರೆ.

ಇಂತಿ ನಿಮ್ಮ ಪ್ರೀತಿಯ
ಅಕ್ಕನ ಮಗಳು