ಕಿವಿಯೊಳಗೆ ನೋಡದೆ ಕಿವಿ ಪರೀಕ್ಷೆಯೇ?

ಮಾನ್ಯ ಸಂಪಾದಕರೇ,

ಬೆಳಿಗ್ಗೆ ಪೇಪರ್ ಬಿಡಿಸಿದರೆ ಆಗಾಗ ಒಂದು ಬಣ್ಣದ ಕರಪತ್ರ ಜಾರಿ ಬೀಳುತ್ತದೆ. ‘ಹಿರಿಯರಿಗೆ ಮನೆಯಲ್ಲೇ ಉಚಿತ ಶ್ರವಣ ಪರೀಕ್ಷೆ’. ಫೋನ್ ಮಾಡಿದರೆ ಸಾಕು, ಬ್ಯಾಗು ಹಿಡಿದ ಹುಡುಗ ಮರುದಿನವೇ ಹಾಜರು. ನಾನು ಸರ್ಕಾರಿ ಆಸ್ಪತ್ರೆಯ ಇಎನ್‌ಟಿ ಓಪಿಡಿಯಲ್ಲಿ ಸ್ಟಾಫ್ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಮನೆಗೇ ಬಂದು ಕಿವಿ ನೋಡುವ ಸೇವೆ ಬೇಡ ಅನ್ನುವವಳಲ್ಲ, ಬೇಕೇ ಬೇಕು. ಆದರೆ ಈಗ ಅದು ನಡೆಯುತ್ತಿರುವ ರೀತಿ ನೋಡಿದರೆ ಸುಮ್ನೆ ಇರಲು ಆಗುತ್ತಿಲ್ಲ.

ನಮ್ಮ ಬೀದಿಯದ್ದೇ ಹೇಳುತ್ತೇನೆ. ಎದುರು ಮನೆಯ ತಾತನಿಗೆ ಎಂಬತ್ತು ದಾಟಿದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ವಾಕರ್ ಹಿಡಿದು ಬಚ್ಚಲಿಗೆ ಹೋಗಿ ಬಂದರೆ ಅದೇ ಹೆಚ್ಚು. ಅವರನ್ನು ಆಟೋ ಹತ್ತಿಸಿ, ಚೀಟಿ ಮಾಡಿಸಿ, ಓಪಿಡಿ ಬೆಂಚಿನ ಮೇಲೆ ಮಧ್ಯಾಹ್ನದವರೆಗೆ ಕೂರಿಸುವುದು ಆಗದ ಮಾತು. ಟಿವಿ ಸೌಂಡ್ ಬೀದಿಗೆಲ್ಲ ಕೇಳಲು ಶುರುವಾದಾಗ ಅವರ ಸೊಸೆ ಆ ಕರಪತ್ರದ ನಂಬರಿಗೆ ಫೋನ್ ಮಾಡಿದಳು.

ಹುಡುಗ ಬಂದಾಗ ನಾನೂ ಅಲ್ಲಿದ್ದೆ. ತಾತನನ್ನು ಮನೆಯ ಹಾಲ್‌ನಲ್ಲೇ ಕೂರಿಸಿ ಹೆಡ್‌ಫೋನ್ ಹಾಕಿದ. ಮೇಲೆ ಫ್ಯಾನು, ಒಳಗೆ ಕುಕ್ಕರಿನ ಕೂಗು. ‘ಸೌಂಡ್ ಕೇಳಿದ್ರೆ ಕೈ ಎತ್ತಿ ತಾತ’ ಅಂದ. ತಾತನಿಗೆ ಆ ಮಾತೇ ಕೇಳಿಸದೆ ನನ್ನ ಮುಖ ನೋಡಿದರು. ಸ್ವಲ್ಪ ಹೊತ್ತಿಗೇ ಲ್ಯಾಪ್‌ಟಾಪಿನಲ್ಲಿ ಗ್ರಾಫ್ ರೆಡಿ. ಎರಡೂ ಕಿವಿ ಹೋಗಿದೆ, ಎರಡಕ್ಕೂ ಮಷೀನು ಬೇಕು, ಜೋಡಿ ತೊಗೊಂಡ್ರೆ ಡಿಸ್ಕೌಂಟ್ ಇದೆ. ಅವನು ಹೇಳಿದ ರೇಟಿಗೆ ಒಂದು ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರುತ್ತಿತ್ತು. ಇಷ್ಟೆಲ್ಲ ಆದರೂ ಒಂದು ಸಲ ಕಿವಿಯೊಳಗೆ ಲೈಟ್ ಹಾಕಿ ನೋಡಲಿಲ್ಲ. ‘ಓಟೋಸ್ಕೋಪ್ ತಂದಿಲ್ವಾ?’ ಅಂತ ಕೇಳಿದೆ. ‘ಅದು ಡಾಕ್ಟ್ರ ಕೆಲಸ ಮೇಡಂ’ ಅಂದ.

ಗೊತ್ತಿದ್ದ ಇಎನ್‌ಟಿ ಡಾಕ್ಟರೊಬ್ಬರು ಸಂಜೆ ಕ್ಲಿನಿಕ್ ಮುಗಿಸಿ ಬಂದು ನೋಡಿದರು. ಎರಡೂ ಕಿವಿಯಲ್ಲಿ ಗುಗ್ಗೆ. ಎಡಗಿವಿಯದ್ದಂತೂ ಹುಣಸೆಬೀಜದ ಬಣ್ಣ, ಅಷ್ಟೇ ಗಟ್ಟಿ. ತೆಗೆಯುವ ಮೊದಲು ಅವರು ಕೇಳಿದ ಪ್ರಶ್ನೆಗಳನ್ನು ಗಮನಿಸಿ. ಹಿಂದೆ ಕಿವಿ ಸೋರುತ್ತಿತ್ತಾ? ಕಿವಿ ತಮಟೆಯಲ್ಲಿ ತೂತು ಇದೆ ಅಂತ ಯಾರಾದರೂ ಹೇಳಿದ್ದರಾ? ಶುಗರ್ ಇದೆಯಾ? ರಕ್ತ ತೆಳುವಾಗುವ ಮಾತ್ರೆ ತೊಗೊಳ್ತೀರಾ? ತಮಟೆಯಲ್ಲಿ ತೂತು ಇದ್ದವರಿಗೆ ಪಿಚಕಾರಿಯಲ್ಲಿ ನೀರು ಹೊಡೆಯುವ ಹಾಗಿಲ್ಲ. ಶುಗರ್ ಇದ್ದವರ ಕಿವಿ ಒಳಗೆ ಗೀರಿದರೆ ಸೋಂಕು ಮೂಳೆಯವರೆಗೆ ಇಳಿಯಬಹುದು. ಅವತ್ತು ಬರೀ ಡ್ರಾಪ್ಸ್ ಬರೆದುಕೊಟ್ಟು ಹೋದರು. ಗುಗ್ಗೆ ಮೆತ್ತಗಾದ ಮೇಲೆ ಮತ್ತೆ ಬಂದು, ತಲೆಗೆ ಲೈಟ್ ಕಟ್ಟಿಕೊಂಡು, ಸಣ್ಣ ಸಕ್ಷನ್ ಮಷೀನಿನಲ್ಲಿ ಎಳೆದು ತೆಗೆದರು. ನಾನು ಕಿಡ್ನಿ ಟ್ರೇ ಹಿಡಿದುಕೊಂಡು ನಿಂತಿದ್ದೆ, ಹಳೇ ಅಭ್ಯಾಸ. ಮುಗಿದ ತಕ್ಷಣ ತಾತ ಮೊದಲು ಗೊಣಗಿದ್ದು ಫ್ಯಾನು ಕಿರುಗುಟ್ಟುತ್ತದೆ ಅಂತ.

ಶ್ರವಣ ಪರೀಕ್ಷೆ ಆಮೇಲೆ ಆಯಿತು. ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞೆ, ಹುಡುಗಿಯೊಬ್ಬಳು ಒಳಗಿನ ರೂಮು ಆರಿಸಿಕೊಂಡು, ಫ್ಯಾನು, ಮಿಕ್ಸಿ ಎಲ್ಲ ನಿಲ್ಲಿಸಿದಳು. ಹೆಡ್‌ಫೋನಿನಲ್ಲಿ ಒಂದು ಸಲ ಪರೀಕ್ಷೆ, ಕಿವಿ ಹಿಂದಿನ ಮೂಳೆ ಮೇಲೆ ಪುಟ್ಟ ಡಬ್ಬಿಯಂಥದ್ದನ್ನು ಒತ್ತಿ ಇಟ್ಟು ಇನ್ನೊಂದು ಸಲ. ಈ ಎರಡನೆಯದು ಬಹಳ ಮುಖ್ಯ. ಒಳಗಿವಿ, ನರ ಸೋತಿದೆಯೋ ಅಥವಾ ದಾರಿಯಲ್ಲಿ ಏನಾದರೂ ಅಡ್ಡ ಇದೆಯೋ ಅಂತ ತಿಳಿಯುವುದು ಎರಡನ್ನೂ ಹೋಲಿಸಿದಾಗಲೇ. ತಾತನ ಬಲಗಿವಿ ವಯಸ್ಸಿಗೆ ತಕ್ಕ ಹಾಗಿದೆ. ಎಡಗಿವಿ ನಿಜವಾಗಿಯೂ ಮಂದ, ಅದಕ್ಕೆ ಮಷೀನು ಹಾಕಿದರೆ ಒಳ್ಳೆಯದು ಅಂದಳು. ತಾತ ‘ನೋಡೋಣ’ ಅಂದಿದ್ದಾರೆ.

ಕಿವಿಯ ಕಾಲುವೆ ಪೂರ್ತಿ ಕಟ್ಟಿಕೊಂಡರೆ ಗುಗ್ಗೆಯೊಂದೇ 30-40 ಡೆಸಿಬಲ್‌ವರೆಗೆ ಶಬ್ದವನ್ನು ತಡೆಯಬಲ್ಲದು. ಅಂಥ ಕಿವಿಗೆ ಪರೀಕ್ಷೆ ಮಾಡಿದರೆ ಗುಗ್ಗೆಯದ್ದೂ ಸೇರಿಸಿಯೇ ರಿಪೋರ್ಟ್ ಬರುತ್ತದೆ. ಅದನ್ನು ನೋಡಿ ಮಷೀನಿನ ಸೌಂಡ್ ಸೆಟ್ ಮಾಡಿದರೆ, ಮುಂದೆ ಗುಗ್ಗೆ ತೆಗೆಸಿದ ದಿನ ಅದೇ ಮಷೀನು ಕಿವಿಗೆ ಬಡಿದ ಹಾಗೆ ಕೇಳುತ್ತದೆ. ಆಮೇಲೆ ಅದು ಬೀರು ಸೇರುತ್ತದೆ. ಇಂಥ ಬೀರು ಸೇರಿದ ಮಷೀನುಗಳನ್ನು ಓಪಿಡಿಗೆ ತಂದು ತೋರಿಸಿ ಅತ್ತವರನ್ನು ನಾನು ನೋಡಿದ್ದೇನೆ.

ಹಾಗಂತ ಮನೆಯಲ್ಲಿ ನೀವೇ ತೆಗೆಯಲು ಹೋಗಬೇಡಿ. ಹೇರ್‌ಪಿನ್, ಬೆಂಕಿಕಡ್ಡಿ, ಬೈಕ್ ಕೀ, ಎಲ್ಲದರಿಂದ ಆದ ಗಾಯಕ್ಕೂ ನಾನು ಡ್ರೆಸ್ಸಿಂಗ್ ಮಾಡಿದ್ದೇನೆ. ಬೆಳ್ಳುಳ್ಳಿ ಕಾಯಿಸಿದ ಬಿಸಿ ಎಣ್ಣೆ ಬಿಟ್ಟು ಸುಟ್ಟುಕೊಂಡು ಬಂದವರೂ ಇದ್ದರು. ಇಯರ್ ಬಡ್ ಗುಗ್ಗೆಯನ್ನು ಇನ್ನೂ ಒಳಗೆ ತಳ್ಳುತ್ತದೆ ಅಷ್ಟೇ. ಕಿವಿ ಸಾಮಾನ್ಯವಾಗಿ ತನ್ನನ್ನು ತಾನೇ ಕ್ಲೀನ್ ಮಾಡಿಕೊಳ್ಳುತ್ತದೆ. ವಯಸ್ಸಾದವರಿಗೆ ಗುಗ್ಗೆ ಒಣಗುತ್ತದೆ, ಕಿವಿಯಲ್ಲಿ ಕೂದಲು ಜಾಸ್ತಿ, ಅದಕ್ಕೇ ಕಟ್ಟಿಕೊಳ್ಳುವುದು. ಮಷೀನು ಹಾಕಿಕೊಂಡವರಿಗೂ ಹಾಗೇ. ಪಿಚಕಾರಿಯಲ್ಲಿ ಬರೀ ನೀರು ತಾನೇ ಅನ್ನುತ್ತಾರೆ. ನೀರು ತಣ್ಣಗಿದ್ದರೆ ತಲೆ ಗಿರ್ರನೆ ತಿರುಗಿ ವಾಂತಿ ಬರುತ್ತದೆ. ನೀರನ್ನು ಮೈ ಬಿಸಿಗೆ, ಅಂದರೆ 37 ಡಿಗ್ರಿಗೆ ತರುವುದು ಓಪಿಡಿಯಲ್ಲಿ ನಮ್ಮ ಮೊದಲ ಪಾಠವಾಗಿತ್ತು. ಇನ್ನೊಂದು ಮಾತು: ರಾತ್ರಿ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಏಕಾಏಕಿ ಕೇಳದಾದರೆ ಅದು ಗುಗ್ಗೆಯೇ ಇರಬೇಕು ಅಂತ ಕಾಯಬೇಡಿ. ಅವತ್ತೇ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ. ಅದಕ್ಕೆ ಔಷಧಿ ಬೇಗ ಶುರುವಾದಷ್ಟೂ ಒಳ್ಳೆಯದು.

ನಮ್ಮ ರಾಜ್ಯದಲ್ಲಿ ಕಿವಿ ಬಲ್ಲವರಿಗೇನು ಬರವೇ? 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನಲ್ಲೇ ಇದೆ. ಅಲ್ಲಿ ಓದಿದವರು ದೇಶವಿದೇಶಗಳಲ್ಲಿ ಕೆಲಸ ಮಾಡುತ್ತಿದ್ದಾರೆ. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಆ ಬ್ಯಾಗಿಗೆ ಒಂದು ಓಟೋಸ್ಕೋಪ್ ಸೇರಿಸಲು ಎಷ್ಟು ಖರ್ಚಾದೀತು? ಹಾಸಿಗೆ ಹಿಡಿದವರ ಕಿವಿ ಕಟ್ಟಿದ್ದರೆ ಬರೆದುಕೊಂಡು ಹೋಗಲಿ. ತಿಂಗಳಿಗೊಂದು ದಿನ ತಾಲ್ಲೂಕು ಆಸ್ಪತ್ರೆಯಿಂದ ಇಎನ್‌ಟಿ ಡಾಕ್ಟರು, ಆಡಿಯಾಲಜಿಸ್ಟ್ ಆ ಮನೆಗಳಿಗೆ ಹೋಗಿ ಬರಲಿ. ಮಷೀನು ಬೇಕಾದ ಬಡವರಿಗೆ ಅಂಗವಿಕಲರಿಗೆ ಸಾಧನ ಕೊಡಿಸುವ ಕೇಂದ್ರದ ಎಡಿಪ್ ಯೋಜನೆ ಇದೆ, ಆದರೆ ಅದು ಗೊತ್ತಿರುವವರೇ ಕಮ್ಮಿ. ಆರೋಗ್ಯ ಇಲಾಖೆಯವರು ಇದನ್ನು ಓದುತ್ತಾರೆ ಅಂದುಕೊಂಡಿದ್ದೇನೆ.

ಅಲ್ಲಿಯವರೆಗೆ ಕರಪತ್ರ ನೋಡಿ ಫೋನ್ ಮಾಡುವವರು, ಬಂದವರ ಹತ್ತಿರ, ಆಡಿಯಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ನಂಬರ್ ಕೇಳಿ. ಮೊದಲು ಕಿವಿಯೊಳಗೆ ನೋಡಿ ಅನ್ನಿ. ಗ್ರಾಫಿನ ಒಂದು ಪ್ರತಿ ಇಸಿದುಕೊಳ್ಳಿ, ಅಡ್ವಾನ್ಸ್ ಮಾತ್ರ ಅವತ್ತೇ ಕೊಡಬೇಡಿ.

— ನಿವೃತ್ತ ಸ್ಟಾಫ್ ನರ್ಸ್, ಹಾಸನ