ಸ್ಪೆನ್ಸರ್ ಚಿತ್ರಿಸಿದ ವಾರ್ಡು

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ಚಿತ್ರಕಾರ ಸ್ಟ್ಯಾನ್ಲಿ ಸ್ಪೆನ್ಸರ್ ಕುರಿತ ಲೇಖನ ಓದಿದೆ. ಹಿಲ್ಡಾ ಕಾರ್ಲೈನ್ ಅವರಿಂದ ವಿಚ್ಛೇದನ, 1937ರಲ್ಲಿ ಪೆಟ್ರೀಷಿಯಾ ಪ್ರೀಸ್ ಜೊತೆ ಮದುವೆ, ಆ ಸಂಸಾರ ಕೈಗೂಡದೆ ಹೋದದ್ದು, ಲೇಖನದ ಮುಕ್ಕಾಲು ಪಾಲು ಇದೇ. ಅವರು ಗೋಡೆ ತುಂಬ ಚಿತ್ರ ಬರೆದ ಬರ್ಗ್‌ಕ್ಲಿಯರ್ ಹಳ್ಳಿಯ ಸ್ಯಾಂಡಮ್ ಸ್ಮಾರಕ ಪ್ರಾರ್ಥನಾ ಮಂದಿರದ ಹೆಸರೇ ಇಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ನನಗೆ ಇದು ನಿಜಕ್ಕೂ ನೋವು ತಂದಿತು.

ಸ್ಪೆನ್ಸರ್ 1891ರಲ್ಲಿ ಥೇಮ್ಸ್ ದಂಡೆಯ ಕುಕ್ಕಮ್‌ನಲ್ಲಿ ಹುಟ್ಟಿದವರು. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಓದುವಾಗ ಅವರ ಊರಿನ ಹುಚ್ಚು ಕಂಡು ಸಹಪಾಠಿಗಳು ಅವರನ್ನು ‘ಕುಕ್ಕಮ್’ ಎಂದೇ ಕರೆಯುತ್ತಿದ್ದರು. 1915ರಲ್ಲಿ ಸೇನೆಯ ವೈದ್ಯಕೀಯ ದಳ ಸೇರಿದಾಗ ಸಿಕ್ಕಿದ್ದು ಬ್ರಿಸ್ಟಲ್‌ನ ಬ್ಯೂಫೋರ್ಟ್ ಯುದ್ಧ ಆಸ್ಪತ್ರೆಯಲ್ಲಿ ವಾರ್ಡಿನ ಚಾಕರಿ. ಮರುವರ್ಷ ಮ್ಯಾಸಿಡೋನಿಯಾದ ರಣರಂಗ.

ಆ ದಿನಗಳೇ 1927ರಿಂದ 1932ರವರೆಗೆ ಮಂದಿರದ ಗೋಡೆಗಳಿಗೆ ಬಂದವು. ಅದು ಯುದ್ಧ ಸ್ಮಾರಕ, ಆದರೆ ಅಲ್ಲಿ ಕಾಳಗದ ಚಿತ್ರ ಒಂದೂ ಇಲ್ಲ. ಒಬ್ಬ ನೆಲದ ಮೇಲೆ ಬೋರಲಾಗಿ ಬಿದ್ದು ನೆಲ ಉಜ್ಜುತ್ತಿದ್ದಾನೆ. ಇನ್ನೊಬ್ಬ ಹಿಮಕಡಿತದ ಪಾದಗಳಿಂದ ಸತ್ತ ಚರ್ಮ ಕೆರೆಯುತ್ತಿದ್ದಾನೆ. ಹಾಸಿಗೆ ಹಾಸುವ ಚಿತ್ರವನ್ನಂತೂ ನಾನು ಪುಸ್ತಕದಲ್ಲಿ ಎಷ್ಟು ಸಲ ನೋಡಿದ್ದೇನೋ! ರೋಗಿ ಕಂಬಳಿ ಹೊದ್ದು ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದಾನೆ, ಪಾದಗಳು ಬಿಸಿನೀರಿನ ಬಾಟಲಿಯ ಮೇಲಿವೆ. ಹಾಸಿಗೆ ಬದಲಿಸುವ ಆ ಐದು ನಿಮಿಷದಲ್ಲಿ ರೋಗಿಗೆ ಎಷ್ಟು ಚಳಿಯಾಗುತ್ತದೆ ಎನ್ನುವುದು ಆ ಕೆಲಸ ಮಾಡಿದವರಿಗೆ ಮಾತ್ರ ಗೊತ್ತು. ಸ್ಪೆನ್ಸರ್ ಅದನ್ನು ಮಾಡಿದ್ದರು, ಮರೆಯಲಿಲ್ಲ.

ಪೂಜಾವೇದಿಯ ಹಿಂದಿನ ದೊಡ್ಡ ಗೋಡೆಯಲ್ಲಿ ಸತ್ತ ಸೈನಿಕರು ಗೋರಿಗಳಿಂದ ಎದ್ದು ತಮ್ಮ ಬಿಳಿ ಶಿಲುಬೆಗಳನ್ನು ಕ್ರಿಸ್ತನಿಗೆ ಒಪ್ಪಿಸುತ್ತಿದ್ದಾರೆ. ಗಾಡಿ ಎಳೆದು ಸತ್ತ ಹೇಸರಗತ್ತೆಗಳೂ ಅವರ ನಡುವೆ ಕತ್ತೆತ್ತಿವೆ. ಮನುಷ್ಯರ ಜೊತೆ ಅವುಗಳಿಗೂ ಮರುಜೀವ ಕೊಟ್ಟ ಆ ಮನಸ್ಸು ದೊಡ್ಡದು.

ಎರಡನೆಯ ಮಹಾಯುದ್ಧದಲ್ಲಿ ಅವರು ಪೋರ್ಟ್ ಗ್ಲಾಸ್ಗೋದ ಹಡಗು ಕಟ್ಟುವ ಕಾರ್ಮಿಕರನ್ನು ಚಿತ್ರಿಸಿದ್ದೂ ಲೇಖನದಲ್ಲಿ ಒಂದೇ ಸಾಲು. 1959ರಲ್ಲಿ ಸರ್ ಪದವಿ ಬಂತು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು.

ಅವರ ಸಂಸಾರದ ವಿಷಯ ಬರೆಯಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಆ ಹಾಸಿಗೆಯ ಚಿತ್ರವನ್ನು ದಯವಿಟ್ಟು ಮುಂದಿನ ಪುರವಣಿಯಲ್ಲಿ ಬಣ್ಣದಲ್ಲಿ ಪ್ರಕಟಿಸಿ. ರೋಗಿಯ ಕಾಲಡಿಯ ಬಾಟಲಿ ಕಾಣುವಷ್ಟು ದೊಡ್ಡದಾಗಿರಲಿ.

– ನಿವೃತ್ತ ಶುಶ್ರೂಷಕಿ, ಶಿವಮೊಗ್ಗ